‘ಎರಡು ಮಾತು ಆಡಿ’ ಅಂದಾಗ ತಡವರಿಸದಿರಲು: ಐದು ನಿಮಿಷದ ಭಾಷಣಕ್ಕೆ ಸಮಗ್ರ ಮಾರ್ಗದರ್ಶಿ

ಆಫೀಸಿನ ಬೀಳ್ಕೊಡುಗೆ, ಬಡಾವಣೆಯ ರಾಜ್ಯೋತ್ಸವ, ಮಗಳ ಶಾಲೆಯ ವಾರ್ಷಿಕೋತ್ಸವ. ಎಲ್ಲೋ ಒಂದು ಕಡೆ ‘ನೀವೂ ಎರಡು ಮಾತು ಆಡಿ’ ಅಂತ ಕರೆಯುತ್ತಾರೆ. ಒಂದು ವಾರ ಮೊದಲೇ ಹೇಳಿರುತ್ತಾರೆ. ನೀವು ಕೂತು ಬರೆದಿರುತ್ತೀರಿ, ಬಾಯಿಪಾಠವನ್ನೂ ಮಾಡಿರುತ್ತೀರಿ. ಆದರೂ ಮೈಕ್ ಮುಂದೆ ನಿಂತಾಗ ಮೂರನೇ ವಾಕ್ಯಕ್ಕೇ ದಾರಿ ತಪ್ಪುತ್ತದೆ.

ವರ್ಷಗಳಿಂದ ಸಣ್ಣಪುಟ್ಟ ಕಾರ್ಯಕ್ರಮಗಳ ನಿರೂಪಣೆ ಮಾಡುತ್ತಾ, ಪರಿಚಯದವರಿಗೆ ಭಾಷಣದ ಅಭ್ಯಾಸ ಮಾಡಿಸುತ್ತಾ ಬಂದಿದ್ದೇನೆ. ಸೋಲುವವರು ಬಹುತೇಕ ಒಂದೇ ರೀತಿ ಸೋಲುತ್ತಾರೆ. ಮೊದಲು ಬರೆಯುತ್ತಾರೆ, ಆಮೇಲೆ ಬಾಯಿಪಾಠ ಮಾಡುತ್ತಾರೆ, ಕೊನೆಗೆ ಬಾಯಿ ತೆರೆಯುತ್ತಾರೆ. ಈ ಕ್ರಮವೇ ತಲೆಕೆಳಗು. ಮೊದಲು ಬಾಯಿ, ಆಮೇಲೆ ಪೆನ್ನು. ಇದೊಂದು ಬದಲಾದರೆ ಅರ್ಧ ಕೆಲಸ ಮುಗಿದ ಹಾಗೆ.

## ಏನೇನು ಬೇಕು

ರೆಕಾರ್ಡರ್ ಮತ್ತು ಟೈಮರ್ ಇರುವ ಒಂದು ಫೋನ್. ಪೋಸ್ಟ್‌ಕಾರ್ಡ್ ಗಾತ್ರದ ಮೂರು ದಪ್ಪ ಕಾರ್ಡುಗಳು. ದಪ್ಪ ಮೊನೆಯ ಕಪ್ಪು ಪೆನ್ನು. ಕೇಳಲು ಒಬ್ಬ ಮನುಷ್ಯ. ಒಂದು ವಾರದ ಸಮಯ ಇದ್ದರೆ ಒಳ್ಳೆಯದು, ಮೂರು ದಿನ ಆದರೂ ಬೇಕು. ಕನ್ನಡಿ ಬೇಡ. ಕನ್ನಡಿ ಮುಂದೆ ನಿಂತರೆ ಗಮನವೆಲ್ಲ ನಿಮ್ಮ ಮುಖದ ಮೇಲೇ ಇರುತ್ತದೆ, ಮಾತಿನ ಮೇಲೆ ಇರುವುದಿಲ್ಲ.

## ಹಂತ 1: ಕರೆದವರಿಗೆ ಫೋನ್ ಮಾಡಿ ಕೇಳಿ

ಎಷ್ಟು ನಿಮಿಷ? ನನಗಿಂತ ಮೊದಲು ಯಾರು ಮಾತಾಡುತ್ತಾರೆ? ಎದುರಿಗೆ ಕೂರುವವರು ಯಾರು? ಕೈಯಲ್ಲಿ ಹಿಡಿಯುವ ಮೈಕಾ, ಪೋಡಿಯಂ ಇರುತ್ತಾ? ಈ ನಾಲ್ಕು ಪ್ರಶ್ನೆ ಸಾಕು.

ಎರಡನೇ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ನಿಮಗಿಂತ ಮುಂಚೆ ಮೂವರು ಮಾತಾಡುವುದಾದರೆ, ಎಲ್ಲರಿಗೂ ಗೊತ್ತಿರುವ ವಿಷಯವನ್ನು ಅವರೇ ಹೇಳಿ ಮುಗಿಸಿರುತ್ತಾರೆ. ನಿಮಗೆ ಮಾತ್ರ ಗೊತ್ತಿರುವ ಒಂದು ಸಂಗತಿಯನ್ನೇ ನೀವು ಇಟ್ಟುಕೊಂಡು ಹೋಗಬೇಕು.

## ಹಂತ 2: ಕೊನೆಯ ವಾಕ್ಯ ಮೊದಲು

ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದೆ ಬಸ್ ಹತ್ತುವವರಿಲ್ಲ. ಭಾಷಣದಲ್ಲಿ ಮಾತ್ರ ಎಲ್ಲರೂ ಅದನ್ನೇ ಮಾಡುತ್ತಾರೆ. ‘ಕೊನೆಗೆ ಏನಾದರೂ ಹೇಳಿ ಮುಗಿಸೋಣ’ ಅಂದುಕೊಂಡವರು ‘ಇನ್ನೊಂದು ವಿಷಯ’, ‘ಕೊನೆಯದಾಗಿ’, ‘ಮತ್ತೊಮ್ಮೆ ಹೇಳಬೇಕೆಂದರೆ’ ಅನ್ನುತ್ತಾ ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ.

ಕಾರ್ಡ್ ತೆಗೆದುಕೊಳ್ಳಿ. ಜನ ಮನೆಗೆ ಹೋಗುವಾಗ ಯಾವ ಒಂದು ಮಾತು ನೆನಪಿಟ್ಟುಕೊಳ್ಳಬೇಕು? ಅದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಎರಡು ವಾಕ್ಯ ಬೇಕಾದರೆ ನಿಮ್ಮ ಹತ್ತಿರ ಎರಡು ಭಾಷಣ ಇದೆ ಅಂತ ಅರ್ಥ. ಒಂದನ್ನು ಬಿಡಿ. ಬಿಡುವುದು ಕಷ್ಟ, ಒಪ್ಪುತ್ತೇನೆ. ಆದರೆ ಐದು ನಿಮಿಷದಲ್ಲಿ ಎರಡನ್ನೂ ಹೇಳಲು ಹೋದವರಿಗೆ ಎರಡೂ ಕೈಗೆ ಹತ್ತುವುದಿಲ್ಲ.

## ಹಂತ 3: ಬರೆಯುವ ಮೊದಲು ಮಾತಾಡಿ

ಇದು ಮುಖ್ಯ ಹಂತ. ಇಲ್ಲಿ ಅವಸರ ಮಾಡಬೇಡಿ.

ರೆಕಾರ್ಡರ್ ಆನ್ ಮಾಡಿ. ಗೆಳೆಯರೊಬ್ಬರು ಎದುರಿಗಿದ್ದಾರೆ ಅಂದುಕೊಂಡು ವಿಷಯವನ್ನು ಸುಮ್ನೆ ಹೇಳುತ್ತಾ ಹೋಗಿ. ತಡವರಿಸಿದರೂ ನಿಲ್ಲಿಸಬೇಡಿ. ಆರೇಳು ನಿಮಿಷ ಆದರೂ ಪರವಾಗಿಲ್ಲ. ಒಂದು ಗಂಟೆ ಬಿಟ್ಟು ಕೇಳಿ. ನಿಮ್ಮದೇ ಧ್ವನಿ ವಿಚಿತ್ರವಾಗಿ ಕೇಳಿಸುತ್ತದೆ. ನಾವು ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಮೂಳೆಗಳ ಮೂಲಕವೂ ಕಿವಿಗೆ ಬರುತ್ತದೆ, ರೆಕಾರ್ಡಿಂಗಿನಲ್ಲಿ ಆ ಭಾಗ ಇರುವುದಿಲ್ಲ. ಹಾಗಾಗಿ ತೆಳ್ಳಗೆ ಅನಿಸುತ್ತದೆ ಅಷ್ಟೇ. ಬೇರೆಯವರು ದಿನಾ ಕೇಳುತ್ತಿರುವುದು ಅದೇ ದನಿಯನ್ನು. ಎರಡು ಮೂರು ಸಲ ಕೇಳಿದರೆ ಒಗ್ಗಿಹೋಗುತ್ತದೆ.

ಕೇಳುವಾಗ ಒಂದೇ ಕೆಲಸ: ಎಲ್ಲಿ ನಿಮ್ಮ ದನಿಗೆ ಜೀವ ಬರುತ್ತದೋ ಆ ಜಾಗವನ್ನು ಗುರುತು ಮಾಡಿಕೊಳ್ಳಿ. ಬಹುಪಾಲು ಅದು ಒಂದು ಘಟನೆ ಹೇಳುವ ಜಾಗವಾಗಿರುತ್ತದೆ. ಅದೇ ನಿಮ್ಮ ಭಾಷಣದ ನಡುಭಾಗ.

ಒಂದು ಉದಾಹರಣೆ ಕೊಡುತ್ತೇನೆ. ಶಾಲೆಯೊಂದರ ಅಟೆಂಡರ್ ನಿವೃತ್ತರಾಗುವ ದಿನಕ್ಕೆ ಒಬ್ಬ ಶಿಕ್ಷಕಿ ಹೀಗೆ ಬರೆದುಕೊಂಡು ಬಂದಿದ್ದರು:

‘ಶ್ರೀಯುತರು ತಮ್ಮ ಸುದೀರ್ಘ ಸೇವಾವಧಿಯಲ್ಲಿ ಶ್ರದ್ಧೆ, ನಿಷ್ಠೆ ಹಾಗೂ ಪ್ರಾಮಾಣಿಕತೆಯಿಂದ ಕರ್ತವ್ಯ ನಿರ್ವಹಿಸಿ ಸಂಸ್ಥೆಯ ಏಳಿಗೆಗೆ ಅನುಪಮ ಕೊಡುಗೆ ನೀಡಿರುತ್ತಾರೆ.’

ಹೆಸರು ಬದಲಾಯಿಸಿದರೆ ಇದನ್ನು ಯಾರ ಬಗ್ಗೆ ಬೇಕಾದರೂ ಓದಬಹುದು. ಹಾಳೆ ಪಕ್ಕಕ್ಕಿಟ್ಟು, ‘ಅವರ ಬಗ್ಗೆ ನಿಮಗೆ ನೆನಪಿರೋದು ಏನು ಹೇಳಿ’ ಅಂದೆ. ಅವರು ಹೇಳಿದ್ದು ಇದು:

‘ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮ ಎಲೆಕ್ಟ್ರಿಕ್ ಬೆಲ್ ಹೊಡೀತಿರಲಿಲ್ಲ. ಇವರು ಛತ್ರಿ ಹಿಡಿದುಕೊಂಡು ಬೇವಿನ ಮರದ ಹತ್ತಿರ ಹೋಗೋರು. ಅಲ್ಲಿ ತೂಗುಹಾಕಿದ್ದ ರೈಲು ಹಳಿ ತುಂಡಿಗೆ ಸುತ್ತಿಗೆಯಲ್ಲಿ ಹೊಡೆಯೋರು. ಒಂದು ದಿನವೂ ಪೀರಿಯಡ್ ಎರಡು ನಿಮಿಷ ತಡ ಆಗಿದ್ದು ನನಗೆ ನೆನಪಿಲ್ಲ.’

ಶ್ರದ್ಧೆ ಅನ್ನುವ ಪದ ಇಲ್ಲಿಲ್ಲ. ಆದರೆ ಛತ್ರಿ, ಬೇವಿನ ಮರ, ಹಳಿ ತುಂಡು ಇವೆ. ಕೇಳಿದವರಿಗೆ ಶ್ರದ್ಧೆ ತಾನಾಗಿ ಕಾಣುತ್ತದೆ. ಸಮಾರಂಭದಲ್ಲಿ ಅವರು ಇದನ್ನೇ ಹೇಳಿದರು, ಚೀಟಿ ಒಮ್ಮೆಯೂ ನೋಡಲಿಲ್ಲ. ನೋಡಿದ್ದನ್ನು ಹೇಳಲು ಬಾಯಿಪಾಠ ಬೇಕಾಗುವುದಿಲ್ಲ, ಅಲ್ವಾ?

ಎಚ್ಚರಿಕೆಯ ಗುರುತು: ‘ಅನುಪಮ’, ‘ಅವಿಸ್ಮರಣೀಯ’, ‘ಶ್ಲಾಘನೀಯ’ ತರಹದ ಪದಗಳು ಒಂದರ ಹಿಂದೆ ಒಂದು ಬರುತ್ತಿದ್ದರೆ ನಿಮ್ಮ ಹತ್ತಿರ ಇನ್ನೂ ವಿಷಯ ಇಲ್ಲ. ಬರೆಯುವುದನ್ನು ನಿಲ್ಲಿಸಿ, ಒಂದು ಘಟನೆ ಹುಡುಕಿ.

## ಹಂತ 4: ವಾಕ್ಯ ಮುರಿಯಿರಿ, ಕೊನೆಯ ಪದ ಉಳಿಸಿಕೊಳ್ಳಿ

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಆಯಿತೋ ಆಗಲಿಲ್ಲವೋ ಅನ್ನುವುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಓದುವವರಿಗೆ ತೊಂದರೆ ಇಲ್ಲ, ಹಿಂದಕ್ಕೆ ಹೋಗಿ ನೋಡಬಹುದು. ಕೇಳುವವರಿಗೆ ಆ ಸೌಲಭ್ಯ ಇಲ್ಲ. ಈ ವಾಕ್ಯವನ್ನು ಜೋರಾಗಿ ಓದಿ ನೋಡಿ:

‘ನೀರಿನ ಸಮಸ್ಯೆ ಬಗೆಹರಿಸಲು ಕಳೆದ ಮೂರು ವರ್ಷಗಳಲ್ಲಿ ಸಮಿತಿ ತೆಗೆದುಕೊಂಡ ಕ್ರಮಗಳೆಲ್ಲ ವ್ಯರ್ಥವಾಗಿವೆ ಎಂದು ಕೆಲವರು ಹೇಳುತ್ತಿರುವುದನ್ನು ನಾನು ಒಪ್ಪುವುದಿಲ್ಲ.’

‘ವ್ಯರ್ಥವಾಗಿವೆ’ ಅನ್ನುವಷ್ಟರಲ್ಲಿ ಅರ್ಧ ಸಭೆ ನೀವು ಸಮಿತಿಯನ್ನು ಬೈಯುತ್ತಿದ್ದೀರಿ ಅಂದುಕೊಂಡಿರುತ್ತದೆ. ಮುರಿದು ಹೇಳಿ: ‘ಸಮಿತಿ ಕೆಲಸ ಮಾಡಿದೆ. ಮೂರು ವರ್ಷದ ಹಿಂದೆ ನೀರು ವಾರಕ್ಕೊಂದು ಸಲ ಬರುತ್ತಿತ್ತು. ಈಗ ದಿನ ಬಿಟ್ಟು ದಿನ ಬರುತ್ತದೆ. ಎಲ್ಲಾ ವ್ಯರ್ಥ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.’

ಇದಕ್ಕೇ ಅಂಟಿಕೊಂಡ ಇನ್ನೊಂದು ತಪ್ಪಿದೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಉಸಿರು ಮುಗಿದು ದನಿ ತಗ್ಗುತ್ತದೆ. ‘ಬರ್ತಾರೆ’ ಅಂದರೋ ‘ಬರಲ್ಲ’ ಅಂದರೋ ಹಿಂದಿನ ಸಾಲಿನವರಿಗೆ ಕೇಳಿಸುವುದೇ ಇಲ್ಲ. ಹೆಚ್ಚು ಅರ್ಥ ಹೊತ್ತ ಪದವನ್ನೇ ನುಂಗಿರುತ್ತೇವೆ. ಹಾಗಾಗಿ ರೆಕಾರ್ಡಿಂಗ್ ಕೇಳುವಾಗ ಪ್ರತಿ ವಾಕ್ಯದ ಕೊನೆಯ ಪದ ಮಾತ್ರ ಗಮನಿಸಿ. ಕೇಳಿಸುತ್ತಿಲ್ಲವಾದರೆ ವಾಕ್ಯ ಗಿಡ್ಡ ಮಾಡಿ. ದನಿ ಏರಿಸುವುದು ಆಮೇಲಿನ ಮಾತು.

## ಹಂತ 5: ಸಂಬೋಧನೆ 20 ಸೆಕೆಂಡಿನಲ್ಲಿ ಮುಗಿಯಲಿ

‘ವೇದಿಕೆಯ ಮೇಲೆ ಆಸೀನರಾಗಿರುವ’ ಅಂತ ಶುರುವಾದ ಪಟ್ಟಿ ಎಷ್ಟೋ ಸಲ ಎರಡು ನಿಮಿಷ ನುಂಗುತ್ತದೆ. ಸ್ವಾಗತ ಭಾಷಣದಲ್ಲಿ ಎಲ್ಲರ ಹೆಸರೂ ಆಗಲೇ ಬಂದಿರುತ್ತದೆ. ನೀವು ಅಧ್ಯಕ್ಷರ ಹೆಸರು, ಮುಖ್ಯ ಅತಿಥಿಗಳ ಹೆಸರು ಹೇಳಿ ‘ಹಾಗೂ ಎಲ್ಲ ಬಂಧುಗಳೇ, ನಮಸ್ಕಾರ’ ಅಂದರೆ ಮರ್ಯಾದೆಗೆ ಕೊರತೆಯಾಗುವುದಿಲ್ಲ. ಆ ಹೆಸರುಗಳನ್ನು ಕಾರ್ಡಿನ ಮೇಲೆ ಬರೆದುಕೊಳ್ಳಿ. ಹೆಸರು ತಪ್ಪು ಹೇಳಿದರೆ ಅವರಿಗೆ ನೋವಾಗುತ್ತದೆ. ಹಿಂದಿನ ದಿನವೇ ಯಾರನ್ನಾದರೂ ಕೇಳಿ ಸರಿ ಮಾಡಿಕೊಳ್ಳಿ.

ನಮಸ್ಕಾರ ಆದ ಮೇಲೆ ಒಂದು ಉಸಿರು ಬಿಡಿ. ನೇರವಾಗಿ ಘಟನೆಗೆ ಹೋಗಿ. ‘ನಾನು ಮಾತಾಡುವಷ್ಟು ದೊಡ್ಡವನಲ್ಲ’, ‘ತಯಾರಿ ಮಾಡಿಕೊಂಡು ಬಂದಿಲ್ಲ’, ‘ತಪ್ಪಿದ್ದರೆ ಕ್ಷಮಿಸಿ’ ಅನ್ನುವುದನ್ನು ಪೂರ್ತಿ ಬಿಡಿ. ವಿನಯಕ್ಕೆ ಅಂತ ಹೇಳಿದರೂ, ಕೇಳುವವರು ಆ ಕ್ಷಣದಿಂದ ತಪ್ಪನ್ನೇ ಹುಡುಕುತ್ತಾರೆ.

## ಹಂತ 6: ಇಸವಿ, ಹೆಸರು ಎರಡು ಸಲ ನೋಡಿ

ರಾಜ್ಯೋತ್ಸವದ ವೇದಿಕೆಯಲ್ಲಿ ಪ್ರತಿ ವರ್ಷ ಕೇಳುವ ತಪ್ಪೊಂದಿದೆ: ‘1956ರಲ್ಲಿ ಕರ್ನಾಟಕ ಎಂದು ಹೆಸರಿಡಲಾಯಿತು.’ ಅಲ್ಲ. 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಪ್ರದೇಶಗಳು ಒಂದಾದವು, ಆಗ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಅನ್ನುವ ಹೆಸರು ಬಂದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ಸಭೆಯಲ್ಲಿ ಒಬ್ಬರಿಗಾದರೂ ಇದು ಗೊತ್ತಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಸಾಲನ್ನು ಹಾಗೇ ವೇದಿಕೆಗೆ ತರಬೇಡಿ.

## ಹಂತ 7: ಕಾರ್ಡ್ ಮತ್ತು ಗಡಿಯಾರ

ಈಗ ಪೆನ್ನು. ಮೊದಲ ಕಾರ್ಡಿನಲ್ಲಿ ಸಂಬೋಧನೆಯ ಹೆಸರುಗಳು ಮತ್ತು ಮೊದಲ ವಾಕ್ಯ. ಎರಡನೆಯದರಲ್ಲಿ ಘಟನೆಯ ನಾಲ್ಕೈದು ಪದ: ‘ಮಳೆ, ಛತ್ರಿ, ಬೇವು, ಹಳಿ’. ಮೂರನೆಯದರಲ್ಲಿ ಕೊನೆಯ ವಾಕ್ಯ, ಪೂರ್ತಿಯಾಗಿ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ, ಇವೆರಡನ್ನೇ ಬಾಯಿಪಾಠ ಮಾಡಿ. ನಡುವಿನದನ್ನು ಪ್ರತಿ ಸಲ ಬೇರೆ ಪದಗಳಲ್ಲಿ ಹೇಳಿ. ಪದ ಬದಲಾದರೂ ವಿಷಯ ತಪ್ಪದಿದ್ದರೆ ನೀವು ತಯಾರು.

ಕಾರ್ಡ್ ಯಾಕೆ, ಎ4 ಹಾಳೆ ಯಾಕಲ್ಲ? ಕೈ ನಡುಗಿದರೆ ತೆಳ್ಳಗಿನ ಹಾಳೆ ಎಲ್ಲರಿಗೂ ಕಾಣುವಂತೆ ನಡುಗುತ್ತದೆ. ಫೋನ್ ನೋಡಿಕೊಂಡು ಓದುವುದೂ ಬೇಡ, ಸ್ಕ್ರೀನ್ ಆಫ್ ಆಗುತ್ತದೆ, ಕರೆ ಬರುತ್ತದೆ.

ಹೊರದೇಶದ ಕನ್ನಡ ಕೂಟಗಳಲ್ಲಿ ಮಾತಾಡುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅವರಿಗೆ ಇಂಗ್ಲಿಷ್ ಅಕ್ಷರದಲ್ಲಿ ಪೂರ್ತಿ ಭಾಷಣ ಬರೆದುಕೊಡಬೇಡಿ, ಉಚ್ಚಾರಣೆ ಕೆಡುತ್ತದೆ. ಕಾರ್ಡಿನ ಮೇಲೆ ಚಿತ್ರ ಬಿಡಿಸಿಕೊಳ್ಳಲಿ: ಒಂದು ಛತ್ರಿ, ಒಂದು ಮರ.

ಸಮಯಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ. ಐದು ನಿಮಿಷ ಕೊಟ್ಟಿದ್ದರೆ ಮನೆಯಲ್ಲಿ ನಾಲ್ಕು ನಿಮಿಷಕ್ಕೆ ಮುಗಿಯಬೇಕು. ನಗು, ಚಪ್ಪಾಳೆ, ಮೈಕ್ ಸರಿ ಮಾಡುವುದು, ಎಲ್ಲಾ ಸೇರಿ ಉಳಿದ ಒಂದು ನಿಮಿಷ ಹೋಗುತ್ತದೆ. ಜಾಸ್ತಿಯಾದರೆ ವೇಗವಾಗಿ ಮಾತಾಡಿ ಸರಿದೂಗಿಸಬೇಡಿ. ಒಂದು ಭಾಗ ತೆಗೆದುಹಾಕಿ.

## ಹಂತ 8: ನಿಂತುಕೊಂಡು ಅಭ್ಯಾಸ

ಕೂತು ಮಾಡಿದ ಅಭ್ಯಾಸ ನಿಂತಾಗ ಕೈಕೊಡುತ್ತದೆ. ದಿನಕ್ಕೆ ಮೂರು ಸಲ, ನಿಂತುಕೊಂಡು, ಜೋರಾಗಿ. ಕಡೆಯ ಎರಡು ದಿನ ಯಾರಾದರೂ ಎದುರಿಗೆ ಇರಲಿ. ‘ಹೇಗಿತ್ತು?’ ಅಂತ ಕೇಳಬೇಡಿ, ‘ಚೆನ್ನಾಗಿತ್ತು’ ಅಂದುಬಿಡುತ್ತಾರೆ. ‘ನಾನು ಏನು ಹೇಳಿದೆ?’ ಅಂತ ಕೇಳಿ. ಅವರ ಉತ್ತರ ನಿಮ್ಮ ಕೊನೆಯ ವಾಕ್ಯಕ್ಕೆ ಹತ್ತಿರ ಇರಬೇಕು.

ಅಭ್ಯಾಸದಲ್ಲಿ ಎರಡು ವಿಷಯ ಗಮನಿಸಿ.

ಮೊದಲನೆಯದು ತುಂಬುಪದ. ‘ಏನಪ್ಪಾ ಅಂದ್ರೆ’, ‘ಆ್ಯಕ್ಚುಲಿ’, ‘ಅದು ಬಂದ್ಬಿಟ್ಟು’, ‘ಸೋ’. ನಾಲಿಗೆ ಮುಂದಿನ ಪದಕ್ಕೆ ಕಾಯುವಾಗ ಇವು ಬರುತ್ತವೆ. ಬಿಡಬೇಕು ಅಂತ ಒದ್ದಾಡಿದರೆ ಇನ್ನೂ ಜಾಸ್ತಿಯಾಗುತ್ತವೆ. ಆ ಜಾಗದಲ್ಲಿ ಬಾಯಿ ಮುಚ್ಚಿ ಸುಮ್ಮನಿರುವುದನ್ನು ಕಲಿಯಿರಿ. ನಿಮಗೆ ಯುಗದಂತೆ ಅನಿಸುವ ಮೌನ ಕೇಳುವವರಿಗೆ ಒಂದು ಅಲ್ಪವಿರಾಮ. ಭಾಷಣದ ಅಭ್ಯಾಸ ಮಾಡಿಸುವ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆ 1924ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಬೆಂಗಳೂರಿನಲ್ಲೂ ಅದರ ಕ್ಲಬ್‌ಗಳಿವೆ. ಅಲ್ಲಿ ಪ್ರತಿ ಸಭೆಯಲ್ಲಿ ತುಂಬುಪದ ಎಣಿಸುವುದಕ್ಕೇ ಒಬ್ಬರಿರುತ್ತಾರೆ. ಮನೆಯಲ್ಲಿ ಆ ಕೆಲಸ ಮಕ್ಕಳಿಗೆ ಕೊಡಿ, ತುಂಬಾ ಪ್ರಾಮಾಣಿಕವಾಗಿ ಎಣಿಸುತ್ತಾರೆ.

ಎರಡನೆಯದು ಅಕಾರ, ಹಕಾರ. ‘ಆದರದ ಸ್ವಾಗತ’ ಅನ್ನುವಾಗ ಹಕಾರ ನುಸುಳಿದರೆ ಅರ್ಥವೇ ಕೆಡುತ್ತದೆ. ‘ಹಾರ್ದಿಕ’ ಅನ್ನುವುದು ‘ಆರ್ಥಿಕ’ ಆಗುವುದನ್ನೂ ಕೇಳಿದ್ದೇನೆ. ಇಂಥ ಪದದಲ್ಲಿ ನಿಮ್ಮ ನಾಲಿಗೆ ಎಡವುತ್ತದೆ ಅಂತ ಗೊತ್ತಿದ್ದರೆ ಅದನ್ನು ತೆಗೆದು ‘ಪ್ರೀತಿಯ ಸ್ವಾಗತ’ ಅನ್ನಿ. ಧಾರವಾಡದ ಮಾತು, ಕುಂದಾಪುರದ ಮಾತು, ಹಾಸನದ ಮಾತು, ನಿಮ್ಮದು ಯಾವುದೋ ಅದರ ಎಳೆ ಇರಲಿ. ಪುಸ್ತಕದ ಕನ್ನಡವನ್ನು ಬಲವಂತವಾಗಿ ತಂದುಕೊಂಡವರೇ ಹೆಚ್ಚು ಎಡವುವುದು.

## ಹಂತ 9: ಆ ದಿನ ಮೈಯನ್ನು ಸಂಭಾಳಿಸುವುದು

ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ. ಇದು ಗಾಬರಿಯಾದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್ ಅನ್ನುವ ಹಾರ್ಮೋನಿನ ಕೆಲಸ. ಪಳಗಿದವರಿಗೂ ಆಗುತ್ತದೆ. ಭಯ ಹೋಗಲಿ ಅಂತ ಕಾಯಬೇಡಿ, ಅದರ ಜೊತೆಗೇ ಮಾತಾಡಲು ತಯಾರಾಗಿ.

ಹೆಸರು ಕರೆಯುವ ಐದು ನಿಮಿಷ ಮೊದಲು ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಹತ್ತು ಸಲ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದ ಇರಬೇಕು. ಬಾಯಿ ಒಣಗಿದರೆ ಒಂದು ಗುಟುಕು ನೀರು. ನೀರಿಲ್ಲದಿದ್ದರೆ ಹುಣಸೆಹಣ್ಣು ನೆನೆಸಿಕೊಳ್ಳಿ, ಬಾಯಲ್ಲಿ ನೀರೂರುತ್ತದೆ. ಅಭ್ಯಾಸ ಇಲ್ಲದವರು ಆಗ ಸ್ಟ್ರಾಂಗ್ ಕಾಫಿ ಕುಡಿಯಬೇಡಿ, ನಡುಕ ಹೆಚ್ಚಾಗಬಹುದು.

## ಹಂತ 10: ಮೈಕ್

ಮೈಕ್ ತಟ್ಟಬೇಡಿ, ಊದಬೇಡಿ. ‘ನಮಸ್ಕಾರ’ ಅಂದರೆ ಪರೀಕ್ಷೆ ಆಯಿತು. ಕೈಮೈಕ್ ಆದರೆ ಬಾಯಿಯಿಂದ ನಾಲ್ಕು ಬೆರಳು ದೂರ, ಗಲ್ಲದ ಕಡೆಯಿಂದ ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಎದುರಿಗೆ ಹಿಡಿದರೆ ‘ಪ’, ‘ಬ’, ‘ಭ’ ಬಂದಾಗಲೆಲ್ಲ ಗಾಳಿ ಬಡಿದು ‘ಧಬ್’ ಅನ್ನುತ್ತದೆ. ಮೈಕಿನ ಹಿಡಿಕೆಯ ನಡುಭಾಗವನ್ನು ಹಿಡಿಯಿರಿ. ಮೇಲಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿದರೆ ಮೈಕ್ ಕೂಗತೊಡಗುತ್ತದೆ. ಸ್ಪೀಕರಿನಿಂದ ಬಂದ ಸದ್ದನ್ನೇ ಮೈಕ್ ಮತ್ತೆ ಹಿಡಿದು ಸ್ಪೀಕರಿಗೆ ಕಳಿಸಿದಾಗ ಆ ‘ಕುಂಯ್’ ಶಬ್ದ ಬರುತ್ತದೆ. ಬಂದರೆ ಗಾಬರಿಯಾಗಬೇಡಿ, ಸ್ಪೀಕರಿಗಿಂತ ಹಿಂದಕ್ಕೆ ಸರಿದು ನಿಲ್ಲಿ.

ತಿರುಗಿ ನೋಡುವಾಗ ಮೈಕ್ ಕೂಡ ಬಾಯಿಯ ಜೊತೆ ತಿರುಗಬೇಕು. ಪೋಡಿಯಂ ಮೈಕ್ ಆದರೆ ನೀವು ಬಗ್ಗಬೇಡಿ, ಮೈಕನ್ನು ನಿಮ್ಮ ಎತ್ತರಕ್ಕೆ ಬಗ್ಗಿಸಿ. ಅದಕ್ಕೆ ಐದು ಸೆಕೆಂಡ್ ತೆಗೆದುಕೊಂಡರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

## ಹಂತ 11: ನಡುವೆ ಮರೆತುಹೋದರೆ

ಮರೆಯುತ್ತದೆ. ನನಗೆ ಒಮ್ಮೆ ತುಂಬಿದ ಸಭೆಯಲ್ಲಿ ಆಗಿದೆ. ಬಾಯಿಪಾಠ ಮಾಡಿದ್ದ ಸಾಲಿನ ಒಂದು ಪದ ಕಳಚಿತು, ಅದರ ಹಿಂದೆ ಪೂರ್ತಿ ಪುಟವೇ ಹೋಯಿತು. ಆಮೇಲೆ ಕಲಿತ ಕ್ರಮ ಇದು: ಬಾಯಿ ಮುಚ್ಚಿ, ಕಾರ್ಡ್ ನೋಡಿ, ಒಂದು ಉಸಿರು. ಸಿಗದಿದ್ದರೆ ಈಗಷ್ಟೇ ಹೇಳಿದ ಮಾತನ್ನು ಬೇರೆ ಪದಗಳಲ್ಲಿ ಮತ್ತೆ ಹೇಳಿ. ಹೇಳುವಷ್ಟರಲ್ಲಿ ಬಹಳ ಸಲ ಮುಂದಿನದು ಹೊಳೆಯುತ್ತದೆ. ಆಗಲೂ ಇಲ್ಲವೇ? ಮೂರನೇ ಕಾರ್ಡ್ ತೆಗೆದು ಕೊನೆಯ ವಾಕ್ಯ ಹೇಳಿ ಕೂತುಬಿಡಿ. ನೀವು ಏನು ಬಿಟ್ಟಿರಿ ಅನ್ನುವುದು ಸಭೆಗೆ ಗೊತ್ತಾಗುವುದಿಲ್ಲ. ಮುಗಿಸುವ ವಾಕ್ಯ ಸರಿಯಾಗಿ ಬಿದ್ದರೆ ಭಾಷಣ ಪೂರ್ತಿಯಾಯಿತು ಅಂತಲೇ ಅವರಿಗೆ ಅನಿಸುತ್ತದೆ.

## ಹಂತ 12: ದಿನದ ಮಾತಿನಲ್ಲೇ ಪಳಗುವುದು

ವರ್ಷಕ್ಕೆರಡು ಸಲ ವೇದಿಕೆ ಹತ್ತಿದರೆ ಮಾತು ಪಳಗುವುದಿಲ್ಲ. ದಿನಾ ಆಡುವ ಮಾತಿನಲ್ಲೇ ಅಭ್ಯಾಸ ಮಾಡಬೇಕು. ಇಲ್ಲೂ ಅದೇ ಸೂತ್ರ, ಮುಖ್ಯ ಮಾತು ಮೊದಲು. ಫೋನ್ ಮಾಡಿದಾಗ ಹೆಸರು, ಕೆಲಸ, ಆಮೇಲೆ ವಿವರ. ‘ಬಿಜಿ ಇದ್ದೀರಾ? ಏನಿಲ್ಲ, ಹೀಗೇ...’ ಅಂತ ಎಳೆಯಬೇಡಿ. ಡಾಕ್ಟರ ಹತ್ತಿರ ಎಲ್ಲಿ ನೋವು, ಯಾವಾಗಿಂದ, ಏನು ಮಾಡಿದರೆ ಜಾಸ್ತಿ, ಈ ಮೂರು ಮೊದಲು. ನಿನ್ನೆ ಮದುವೆಮನೆಯಲ್ಲಿ ಏನು ತಿಂದಿರಿ ಅನ್ನುವುದನ್ನು ಅವರು ಕೇಳಿದ ಮೇಲೆ ಹೇಳಿ.

ಹಳ್ಳಿಯಲ್ಲಿರುವವರಿಗೆ ಗ್ರಾಮಸಭೆ ಒಳ್ಳೆಯ ಜಾಗ. ಕಾನೂನಿನ ಪ್ರಕಾರ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಜಾಸ್ತಿ ಅಂತರ ಇರಬಾರದು. ಎದ್ದು ನಿಂತು ಒಂದೇ ಒಂದು ಪ್ರಶ್ನೆಯನ್ನು ಅರ್ಧ ನಿಮಿಷದಲ್ಲಿ ಕೇಳಿ ಕೂರಿ. ‘ನಮ್ಮ ಬೀದಿಯ ಚರಂಡಿ ಕೆಲಸ ಯಾವ ತಿಂಗಳು ಶುರುವಾಗುತ್ತದೆ?’ ಇಷ್ಟು ಸಾಕು. ಅದು ನಿಮ್ಮ ಮೊದಲ ಭಾಷಣ.

ಇನ್ನು, ಎದುರಿನವರ ಮಾತು ಮುಗಿದ ಮೇಲೆ ಒಂದು ಉಸಿರು ಬಿಟ್ಟು ಮಾತಾಡಿ. ನಮ್ಮಲ್ಲಿ ಹೆಚ್ಚಿನ ಜಗಳ ಶುರುವಾಗುವುದು ಕ್ರಿಯಾಪದ ಬರುವ ಮೊದಲೇ ಬಾಯಿ ಹಾಕುವುದರಿಂದ. ‘ನಿಮ್ಮ ಮನೆಗೆ ಬರಬೇಕು ಅಂತ...’ ಅಂದವರು ‘ಇದ್ದೆ’ ಅನ್ನುತ್ತಾರೋ ‘ಅನಿಸಲಿಲ್ಲ’ ಅನ್ನುತ್ತಾರೋ ಕೇಳಿಸಿಕೊಳ್ಳಿ.

## ಯಾವಾಗ ಅಭ್ಯಾಸ ಮಾತ್ರ ಸಾಲದು

ಉಗ್ಗು ಇದ್ದವರು ಮೇಲಿನ ಹಂತಗಳಿಂದ ಸರಿಹೋಗಲಿಲ್ಲ ಅಂತ ತಮ್ಮನ್ನೇ ಹಳಿದುಕೊಳ್ಳಬಾರದು. ಅದಕ್ಕೆ ತರಬೇತಿ ಪಡೆದ ವಾಕ್ ಚಿಕಿತ್ಸಕರಿದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸ ಮಾಡುತ್ತಿದೆ. ಗಂಟಲು ಕಟ್ಟಿ ಮೂರು ವಾರ ಕಳೆದರೂ ದನಿ ಬಿಡದಿದ್ದರೆ ಕಷಾಯ ಕುಡಿಯುತ್ತಾ ಕೂರದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಮಾತಾಡಲು ಕರೆದಾಗಲೆಲ್ಲ ರಜೆ ಹಾಕುವಷ್ಟು, ಊಟ ನಿದ್ದೆ ಬಿಡುವಷ್ಟು ಭಯವಾದರೆ ಆಪ್ತಸಮಾಲೋಚಕರ ಹತ್ತಿರ ಮಾತಾಡಿ. ಅದಕ್ಕೂ ಚಿಕಿತ್ಸೆ ಇದೆ.

## ಹಂತ 13: ಇಳಿದ ಮೇಲೆ

ವೇದಿಕೆಯ ಭಾಷಣವನ್ನು ರೆಕಾರ್ಡ್ ಮಾಡಿಸಿದ್ದರೆ ಆ ರಾತ್ರಿಯೇ ಕೇಳಬೇಡಿ, ತಪ್ಪು ಮಾತ್ರ ಕೇಳಿಸುತ್ತದೆ. ಎರಡು ದಿನ ಬಿಟ್ಟು ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು: ಜನ ಎಲ್ಲಿ ತಲೆ ಎತ್ತಿದರು, ಎಲ್ಲಿ ದನಿ ತಗ್ಗಿತು, ಮುಂದಿನ ಸಲ ಯಾವ ಒಂದನ್ನು ಮಾತ್ರ ಸರಿ ಮಾಡುತ್ತೇನೆ. ಮೂರು ಕಾರ್ಡುಗಳನ್ನೂ ಅದೇ ಪುಟಕ್ಕೆ ಅಂಟಿಸಿ, ದಿನಾಂಕ ಬರೆದಿಡಿ.